ಸ್ಥಾವರದಂತೆ ತೋರುವ ಜಂಗಮಗಳು: ಸ್ಪಂಜು ಮತ್ತು ಹವಳ

ಹೆಣ್ಣುಮಕ್ಕಳ ಕೊರಳಿನ ಹವಳದ ಸರವನ್ನೂ, ಶಾಲೆಯ ಪಾಟಿಯನ್ನು ಒರೆಸುವ ಸ್ಪಂಜಿನ ತುಂಡನ್ನೂ ಕಾಣದ ಹಿರಿಯರು ನಮ್ಮ ಮನೆಗಳಲ್ಲಿ ವಿರಳ. ಚಿನ್ನದ ಗುಂಡುಗಳ ನಡುವೆ ಹವಳವನ್ನು ಪೋಣಿಸಿ ಸೊಸೆಯ ಕೊರಳಿಗೆ ಹಾಕುವ ವಾಡಿಕೆ ಅನೇಕ ಮನೆತನಗಳಲ್ಲಿದೆ. ಇನ್ನು ಸ್ಪಂಜಿನ ಮಾತು. ಇಂದು ಅಂಗಡಿಯಲ್ಲಿ ದೊರೆಯುವ ಸ್ಪಂಜು ಬಹುಮಟ್ಟಿಗೆ ಕಾರ್ಖಾನೆಯಲ್ಲಿ ತಯಾರಾದ ಕೃತಕ ವಸ್ತು; ಹಳ್ಳಿಗಳಲ್ಲಿ ಮೈಯುಜ್ಜಲು ಬಳಸುವ ಒಣಹೀರೆಯ ನಾರು ಸಸ್ಯದಿಂದ ಬಂದದ್ದು. ಆದರೆ ಸ್ಪಂಜು ಎಂಬ ಹೆಸರು ಮೂಲದಲ್ಲಿ ಕಡಲಿನ ಒಂದು ಪ್ರಾಣಿಗೆ ಸೇರಿದ್ದು. ಹವಳವೂ ಅಷ್ಟೆ: ಅದು ಗಣಿಯಿಂದ ಅಗೆದು ತೆಗೆದ ಕಲ್ಲಲ್ಲ, ಮುತ್ತಿನಂತೆ ಚಿಪ್ಪಿನೊಳಗೆ ಹುಟ್ಟಿದ ಮಣಿಯೂ ಅಲ್ಲ, ಕಡಲಿನಲ್ಲಿ ಬದುಕಿ ಬಾಳಿದ ಜೀವಿಗಳು ಕಟ್ಟಿದ ಎಲುಬುಗೂಡು.

ನೆಟ್ಟಲ್ಲಿಯೇ ನೆಟ್ಟಿರುವುದನ್ನು ಸ್ಥಾವರವೆಂದೂ, ಚಲನೆಯುಳ್ಳದ್ದನ್ನು ಜಂಗಮವೆಂದೂ ಕರೆಯುವುದು ನಮಗೆ ರೂಢಿಯಾದ ಮಾತು. ಈ ಪದಗಳ ತಾತ್ತ್ವಿಕ ಆಳಕ್ಕೆ ಇಲ್ಲಿ ಇಳಿಯಬೇಕಾಗಿಲ್ಲ. ಹೊರನೋಟಕ್ಕೆ ಸ್ಥಾವರದಂತೆ ಕಾಣುವುದರ ಒಳಗೂ ಎಡೆಬಿಡದ ಚಲನೆ ನಡೆದಿರಬಹುದು ಎಂಬುದಕ್ಕೆ ಸ್ಪಂಜು ಮತ್ತು ಹವಳಗಳಿಗಿಂತ ಉತ್ತಮವಾದ ನಿದರ್ಶನ ಪ್ರಾಣಿಲೋಕದಲ್ಲಿ ದೊರೆಯುವುದು ಕಷ್ಟ. ಎರಡೂ ಬಂಡೆಗೆ ಅಂಟಿಕೊಂಡೇ ಜೀವಮಾನವನ್ನು ಕಳೆಯುತ್ತವೆ. ಎರಡನ್ನೂ ಮನುಷ್ಯನು ಬಹುಕಾಲ ಗಿಡವೆಂದೇ ಎಣಿಸಿದ್ದನು. ಆದರೂ ಇವುಗಳ ದೇಹರಚನೆ ಬೇರೆ, ಆಹಾರಕ್ರಮ ಬೇರೆ, ಕಡಲಿಗೆ ಇವು ಸಲ್ಲಿಸುವ ಕಾಯಕವೂ ಬೇರೆ. ಈ ಭೇದವನ್ನು ಅರಿತರೆ ಇಂದು ಕಡಲಿಗೆ ಒದಗಿರುವ ಕಷ್ಟವೂ ಅರ್ಥವಾಗುತ್ತದೆ.

ಗಿಡವಲ್ಲ, ಪ್ರಾಣಿ

ಪ್ರಾಚೀನ ಗ್ರೀಸ್ ದೇಶದ ಅರಿಸ್ಟಾಟಲನು ಸ್ಪಂಜಿಗೆ ಒಂದು ಬಗೆಯ ಸಂವೇದನೆ ಇರುವಂತಿದೆ ಎಂದು ಬರೆದಿದ್ದನು. ಕೀಳಲು ಹೋದಾಗ ಅದು ಬಿಗಿದುಕೊಳ್ಳುತ್ತದೆಂಬ ಮುಳುಗುಗಾರರ ಮಾತು ಆತನ ಕಿವಿಗೆ ಬಿದ್ದಿತ್ತು. ಆದರೂ ಸ್ಪಂಜು ಗಿಡವೋ ಪ್ರಾಣಿಯೋ ಎಂಬ ಸಂದೇಹ ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಉಳಿಯಿತು. 1825ರ ಸುಮಾರಿಗೆ ಸ್ಕಾಟ್ಲೆಂಡಿನ ರಾಬರ್ಟ್ ಗ್ರಾಂಟ್ ಎಂಬ ವಿದ್ವಾಂಸನು ಜೀವಂತ ಸ್ಪಂಜನ್ನು ನೀರಿನಲ್ಲಿಟ್ಟು ಸೂಕ್ಷ್ಮದರ್ಶಕದ ಮೂಲಕ ಗಮನಿಸಿದನು. ಅದರ ಮೈಮೇಲಿನ ದೊಡ್ಡ ರಂಧ್ರದಿಂದ ನೀರಿನ ಪ್ರವಾಹವು ಚಿಲುಮೆಯಂತೆ ಹೊರಚಿಮ್ಮುತ್ತಿರುವುದು ಆತನಿಗೆ ಕಂಡಿತು. ಒಳಗೆ ಯಾವುದೋ ಜೀವಶಕ್ತಿ ನೀರನ್ನು ನೂಕುತ್ತಿದೆ ಎಂಬುದು ಅದರಿಂದ ಸ್ಪಷ್ಟವಾಯಿತು. ರಂಧ್ರಗಳುಳ್ಳದ್ದು ಎಂಬರ್ಥದ ಪೊರಿಫೆರ ಎಂಬ ಹೆಸರನ್ನು ಈ ವರ್ಗಕ್ಕೆ ಕೊಟ್ಟವನೂ ಆತನೇ. ಎಡಿನ್‌ಬರೋ ನಗರದಲ್ಲಿ ವಿದ್ಯಾರ್ಥಿಯಾಗಿದ್ದ ಚಾರ್ಲ್ಸ್ ಡಾರ್ವಿನ್ನನಿಗೆ ಕಡಲಜೀವಿಗಳ ಅಭ್ಯಾಸದಲ್ಲಿ ಮಾರ್ಗದರ್ಶಕನಾಗಿದ್ದವನು ಈ ಗ್ರಾಂಟನೇ ಎಂಬುದು ಸ್ಮರಣೀಯ.

ಹವಳದ ಕಥೆ ಇನ್ನೂ ಸ್ವಾರಸ್ಯಕರವಾದುದು. 1706ರಲ್ಲಿ ಇಟಲಿಯ ಮಾರ್ಸಿಲಿ ಎಂಬುವನು ಕೆಂಪು ಹವಳದ ಕೊಂಬೆಯನ್ನು ಕಡಲನೀರಿನ ಪಾತ್ರೆಯಲ್ಲಿರಿಸಿದಾಗ ಅದರ ಮೈತುಂಬ ಬಿಳಿಯ ಪುಟ್ಟ ಹೂಗಳು ಅರಳಿದವು. ಹವಳದ ಗಿಡವು ಹೂಬಿಟ್ಟಿತೆಂದು ಆತನು ಹರ್ಷಪಟ್ಟನು. ಮುಂದೆ 1720ರ ದಶಕದಲ್ಲಿ ಫ್ರಾನ್ಸಿನ ಮಾರ್ಸೇ ನಗರದ ಪೇಸೊನೆಲ್ ಎಂಬ ವೈದ್ಯನು, ಅವು ಹೂಗಳಲ್ಲ, ತೋಳು ಚಾಚಿ ಆಹಾರವನ್ನು ಹಿಡಿಯುವ ಪುಟ್ಟ ಪ್ರಾಣಿಗಳು ಎಂದು ಸಾರಿದನು. ಅಂದಿನ ಹೆಸರಾಂತ ವಿಜ್ಞಾನಿ ರಿಯೋಮೂರ್ ಈ ಮಾತನ್ನು ಒಪ್ಪಲಿಲ್ಲ. 1740ರ ದಶಕದಲ್ಲಿ ಟ್ರೆಂಬ್ಲೆ ಎಂಬುವನು ಸಿಹಿನೀರಿನ ಹೈಡ್ರಾ ಎಂಬ ಜೀವಿಯ ಪ್ರಾಣಿಸ್ವಭಾವವನ್ನು ತೋರಿಸಿಕೊಟ್ಟ ಮೇಲೆಯೇ ಪೇಸೊನೆಲ್ಲನ ಮಾತಿಗೆ ಮನ್ನಣೆ ದೊರೆಯಿತು. ಪ್ರತ್ಯಕ್ಷವಾಗಿ ಕಂಡು ಹೇಳಿದ ಸತ್ಯವೂ ಒಪ್ಪಿಗೆಯಾಗಲು ಎಷ್ಟು ಕಾಲ ಕಾಯಬೇಕಾಗುತ್ತದೆ ಎಂಬುದಕ್ಕೆ ಇದೊಂದು ಪಾಠ.

ಬಾಯಿಲ್ಲದ ಸ್ಪಂಜು

ಸ್ಪಂಜಿಗೆ ಬಾಯಿಯಿಲ್ಲ, ಹೊಟ್ಟೆಯಿಲ್ಲ, ಹೃದಯವಿಲ್ಲ, ನರಗಳಿಲ್ಲ, ಸ್ನಾಯುಗಳೂ ಇಲ್ಲ. ಹಾಗಾದರೆ ಅದು ಬದುಕುವುದು ಹೇಗೆ? ಅದರ ಮೈತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿವೆ. ಇವುಗಳ ಮೂಲಕ ಒಳಸೇರಿದ ನೀರು ಕವಲೊಡೆದ ಕಾಲುವೆಗಳಲ್ಲಿ ಹರಿದು ಪುಟ್ಟ ಕೋಣೆಗಳನ್ನು ತಲುಪುತ್ತದೆ. ಆ ಕೋಣೆಗಳ ಗೋಡೆಗಳಲ್ಲಿ ಕೊರಳಪಟ್ಟಿ ತೊಟ್ಟಂತಿರುವ ವಿಶಿಷ್ಟ ಜೀವಕೋಶಗಳು ಸಾಲಾಗಿ ಕುಳಿತಿರುತ್ತವೆ. ಒಂದೊಂದು ಕೋಶಕ್ಕೂ ಚಾವಟಿಯಂತಹ ಒಂದು ಎಳೆ ಇದೆ. ಲಕ್ಷಾಂತರ ಚಾವಟಿಗಳು ಹಗಲಿರುಳು ಬೀಸುವುದರಿಂದ ನೀರು ಒಳಬರುತ್ತದೆ. ಕೊರಳಪಟ್ಟಿಯು ಜರಡಿಯಂತೆ ನೀರಿನಲ್ಲಿರುವ ಬ್ಯಾಕ್ಟೀರಿಯಾಗಳನ್ನೂ ಸೂಕ್ಷ್ಮ ಕಣಗಳನ್ನೂ ಹಿಡಿದುಕೊಳ್ಳುತ್ತದೆ. ಸೋಸಿದ ನೀರು ಮೇಲಿನ ದೊಡ್ಡ ರಂಧ್ರದಿಂದ ಹೊರಹೋಗುತ್ತದೆ. ಹೀಗೆ ಸ್ಪಂಜು ಒಂದು ದಿನದಲ್ಲಿ ತನ್ನ ಗಾತ್ರದ ಸಾವಿರಾರು ಪಟ್ಟು ನೀರನ್ನು ಸೋಸಬಲ್ಲದು. ಊರಿಗೆ ನೀರನ್ನು ಶುದ್ಧಮಾಡಿ ಕೊಡುವ ಯಂತ್ರಾಗಾರವನ್ನು ಕಂಡವರು ಇದನ್ನು ಸುಲಭವಾಗಿ ಊಹಿಸಿಕೊಳ್ಳಬಹುದು.

ದೇಹವು ಕುಸಿಯದಂತೆ ಸ್ಪಂಜಿಗೂ ಒಂದು ಆಧಾರ ಬೇಕು. ಕೆಲವು ಜಾತಿಗಳಲ್ಲಿ ಅದು ಸುಣ್ಣದ ಸೂಜಿಗಳಿಂದ, ಕೆಲವುಗಳಲ್ಲಿ ಗಾಜಿನ ಮೂಲದ್ರವ್ಯವಾದ ಸಿಲಿಕಾದ ಸೂಜಿಗಳಿಂದ, ಇನ್ನು ಕೆಲವುಗಳಲ್ಲಿ ಸ್ಪಾಂಜಿನ್ ಎಂಬ ಮೆತ್ತನೆಯ ನಾರಿನಿಂದ ಆಗಿರುತ್ತದೆ. ಸ್ನಾನಕ್ಕೆ ಬಳಕೆಯಾದುದು ಮೆಡಿಟರೇನಿಯನ್ ಕಡಲಿನ ನಾರಿನ ಸ್ಪಂಜು. ಗ್ರೀಸ್ ದೇಶದ ಕಲಿಮ್ನೋಸ್ ದ್ವೀಪದ ಜನರು ತಲೆತಲಾಂತರದಿಂದ ಅದನ್ನು ಮುಳುಗಿ ತೆಗೆದು ಜೀವನ ನಡೆಸಿದವರು. ಜೀವಕೋಶಗಳೆಲ್ಲ ಕೊಳೆತುಹೋದ ಮೇಲೆ ಉಳಿಯುವ ನಾರಿನ ಹಂದರವೇ ನಾವು ಕೈಯಲ್ಲಿ ಹಿಡಿಯುವ ಸ್ಪಂಜು.

ಈ ಸರಳ ಜೀವಿಯಲ್ಲಿ ಅಡಗಿರುವ ಬೆರಗನ್ನು 1907ರಲ್ಲಿ ಅಮೆರಿಕದ ಎಚ್. ವಿ. ವಿಲ್ಸನ್ ಬೆಳಕಿಗೆ ತಂದರು. ಅವರು ಸ್ಪಂಜನ್ನು ಸಣ್ಣ ಕಣ್ಣಿನ ರೇಷ್ಮೆ ಬಟ್ಟೆಯ ಮೂಲಕ ಹಿಂಡಿ ಅದರ ಕೋಶಗಳನ್ನೆಲ್ಲ ಬಿಡಿಬಿಡಿ ಮಾಡಿದರು. ಚದುರಿದ ಕೋಶಗಳು ತಳದಲ್ಲಿ ಹರಿದಾಡಿ ಒಂದನ್ನೊಂದು ಸೇರಿಕೊಂಡು ಮತ್ತೆ ಸ್ಪಂಜಾದವು. ಮನೆ ಒಡೆದು ದಿಕ್ಕುಪಾಲಾದವರು ಹುಡುಕಿಕೊಂಡು ಬಂದು ಒಂದೇ ಮಾಡಿನ ಕೆಳಗೆ ಸೇರಿದಂತಹ ವಿಸ್ಮಯವಿದು.

ಕುಟುಂಬವಾಗಿ ಬಾಳುವ ಹವಳ

ಹವಳದ ಪ್ರಾಣಿಯ ಹೆಸರು ಪಾಲಿಪ್. ಅದು ಬಹುಮಟ್ಟಿಗೆ ಕೆಲವೇ ಮಿಲಿಮೀಟರ್ ಗಾತ್ರದ ಪುಟ್ಟ ಚೀಲ. ಚೀಲದ ಮೇಲ್ತುದಿಯಲ್ಲಿ ಒಂದು ಬಾಯಿ, ಬಾಯಿಯ ಸುತ್ತ ತೋಳುಗಳಂತಹ ಕರಬಳ್ಳಿಗಳು. ಅವುಗಳಲ್ಲಿ ಕುಟುಕುಕಣಗಳಿವೆ, ಮುಟ್ಟಿದ ಸೂಕ್ಷ್ಮಜೀವಿಯನ್ನು ಅವು ಚುಚ್ಚಿ ನಿಶ್ಚೇಷ್ಟಗೊಳಿಸುತ್ತವೆ. ಸ್ಪಂಜಿನಲ್ಲಿ ಕಾಣದ ಬಾಯಿ, ಜಠರ, ನರಗಳ ಬಲೆ, ಸಂಕೋಚಿಸುವ ಎಳೆಗಳು ಎಲ್ಲವೂ ಇಲ್ಲಿವೆ. ಹವಳದ ಹತ್ತಿರದ ನೆಂಟರು ಸ್ಪಂಜುಗಳಲ್ಲ. ಕಡಲಹೂ ಮತ್ತು ಲೋಳೆಮೀನು. ಸ್ಪಂಜು ನೀರನ್ನು ಸೋಸಿ ಉಣ್ಣುವ ಜೀವಿಯಾದರೆ ಹವಳವು ಬೇಟೆಯಾಡುವ ಜೀವಿ.

ಆದರೆ ಬೇಟೆಯೊಂದರಿಂದಲೇ ಹವಳದ ಹೊಟ್ಟೆ ತುಂಬುವುದಿಲ್ಲ. ದಿಬ್ಬ ಕಟ್ಟುವ ಹವಳಗಳು ತಮ್ಮ ಮೈಯ ಕೋಶಗಳೊಳಗೇ ಏಕಕೋಶದ ಶೈವಲಗಳಿಗೆ ಆಶ್ರಯ ಕೊಟ್ಟಿರುತ್ತವೆ. ಶೈವಲವು ಸೂರ್ಯನ ಬೆಳಕಿನಿಂದ ಸಕ್ಕರೆಯನ್ನು ತಯಾರಿಸಿ ಅದರ ಬಹುಪಾಲನ್ನು ಹವಳಕ್ಕೆ ಒಪ್ಪಿಸುತ್ತದೆ. ಹವಳವು ತನ್ನ ದೇಹದ ಕಸವನ್ನೇ ಗೊಬ್ಬರವಾಗಿ ಶೈವಲಕ್ಕೆ ಕೊಡುತ್ತದೆ. ಕೊಡುವವನು ಮೇಲಲ್ಲ, ಕೊಳ್ಳುವವನು ಕೀಳಲ್ಲ ಎಂಬ ದಾಸೋಹದ ಭಾವವನ್ನು ನೆನಪಿಗೆ ತರುವ ಸಹಬಾಳ್ವೆ ಇದು. ಹವಳದ ಬಣ್ಣಕ್ಕೂ ಬಹುಮಟ್ಟಿಗೆ ಈ ಅತಿಥಿಯೇ ಕಾರಣ. ಬೆಳಕು ಬೇಕಾದ್ದರಿಂದಲೇ ಇಂತಹ ಹವಳಗಳು ತಿಳಿಯಾದ, ಬೆಚ್ಚನೆಯ, ಆಳವಿಲ್ಲದ ಕಡಲಿನಲ್ಲಿ ಬೆಳೆಯುತ್ತವೆ. ಸ್ಪಂಜಿಗಾದರೋ ಈ ಕಟ್ಟುಪಾಡಿಲ್ಲ: ಅದು ಧ್ರುವಪ್ರದೇಶದ ಹಿಮಶೀತಲ ಕಡಲಿನಲ್ಲಿಯೂ ಕಗ್ಗತ್ತಲ ಆಳದಲ್ಲಿಯೂ ಇದೆ, ಕೆಲವು ಜಾತಿಗಳು ನಮ್ಮ ದೇಶದ ಹೊಳೆ ಕೆರೆಗಳ ಸಿಹಿನೀರಿನಲ್ಲಿಯೂ ಇವೆ.

ಒಂದು ಪಾಲಿಪ್ ಮೊಗ್ಗೊಡೆದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಸಾವಿರಾರು ಪಾಲಿಪ್‌ಗಳು ಒಂದೇ ಮೈಯಂತೆ ಕೂಡಿಕೊಂಡು, ಒಂದು ಉಂಡ ಆಹಾರವನ್ನು ನೆರೆಯವುಗಳೊಡನೆ ಹಂಚಿಕೊಂಡು ಬಾಳುತ್ತವೆ. ಪ್ರತಿಯೊಂದು ಪಾಲಿಪ್ ತನ್ನ ಕೆಳಗೆ ಸುಣ್ಣದ ಬಟ್ಟಲನ್ನು ಕಟ್ಟಿಕೊಳ್ಳುತ್ತದೆ. ಹಳೆಯ ಬಟ್ಟಲಿನ ಮೇಲೆ ಹೊಸ ಬಟ್ಟಲು ಏರುತ್ತ ಹೋಗುತ್ತದೆ. ಗುಂಡುಕಲ್ಲಿನಂತಹ ಹವಳವು ವರ್ಷಕ್ಕೆ ಸುಮಾರು 1 ಸೆಂಟಿಮೀಟರ್ ಬೆಳೆದರೆ, ಕೊಂಬೆಯಂತಹ ಹವಳಗಳಲ್ಲಿ ಕೆಲವು 10 ಸೆಂಟಿಮೀಟರ್‌ಗಿಂತಲೂ ಹೆಚ್ಚು ಬೆಳೆಯುತ್ತವೆ. ಆಸ್ಟ್ರೇಲಿಯಾದ ಪೂರ್ವ ಕರಾವಳಿಯಲ್ಲಿ ಸುಮಾರು 2,300 ಕಿಲೋಮೀಟರ್ ಉದ್ದಕ್ಕೆ ಹಬ್ಬಿರುವ ಮಹಾ ಹವಳದಿಬ್ಬವು ಈ ಪುಟ್ಟ ಕಾಯಕಜೀವಿಗಳ ದುಡಿಮೆಯ ಫಲ.

ಆಭರಣದ ಕೆಂಪು ಹವಳವು ಈ ದಿಬ್ಬ ಕಟ್ಟುವ ಗುಂಪಿಗೆ ಸೇರಿದುದಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಅದು ಮುಖ್ಯವಾಗಿ ಮೆಡಿಟರೇನಿಯನ್ ಕಡಲಿನ, ಎಂಟು ಕರಬಳ್ಳಿಗಳ ಪಾಲಿಪ್ ಕಟ್ಟುವ ಕೊಂಬೆ. ಅದರೊಳಗೆ ಶೈವಲವಿಲ್ಲ, ಮಬ್ಬುಗತ್ತಲಲ್ಲಿ ಬಹು ನಿಧಾನವಾಗಿ ಬೆಳೆಯುತ್ತದೆ. ರೋಮಿನವರು ಮುತ್ತಿಗೆ ಕೊಡುವಷ್ಟೇ ಬೆಲೆಯನ್ನು ನಮ್ಮವರು ಹವಳಕ್ಕೆ ಕೊಡುವುದನ್ನು ಮೊದಲನೆಯ ಶತಮಾನದಲ್ಲಿಯೇ ರೋಮಿನ ಪ್ಲಿನಿ ಎಂಬ ಗ್ರಂಥಕಾರನು ಗುರುತಿಸಿದ್ದನು. ಅಷ್ಟು ದೂರದ ಕಡಲಿನ ಜೀವಿಯೊಂದು ನಮ್ಮ ಹೆಣ್ಣುಮಕ್ಕಳ ಕೊರಳನ್ನು ಸೇರಿದ ದಾರಿ ಅಷ್ಟು ಹಳೆಯದು.

ಬಾಲ್ಯದ ಸಂಚಾರ, ದೀರ್ಘ ಆಯುಷ್ಯ

ಭೇದಗಳ ನಡುವೆ ಸಾಮ್ಯವೂ ಇದೆ. ಜೀವನವಿಡೀ ಕುಳಿತಲ್ಲಿಯೇ ಕುಳಿತಿರುವ ಈ ಎರಡೂ ಜೀವಿಗಳು ಬಾಲ್ಯದಲ್ಲಿ ಮಾತ್ರ ಸಂಚಾರಿಗಳು. ಸ್ಪಂಜಿನ ಮರಿಯೂ ಹವಳದ ಮರಿಯೂ ಮೈಮೇಲಿನ ಸೂಕ್ಷ್ಮ ರೋಮಗಳನ್ನು ಬಡಿಯುತ್ತ ಕೆಲವು ಕಾಲ ಈಜಾಡಿ, ತಕ್ಕ ನೆಲೆ ಕಂಡೊಡನೆ ಅಂಟಿಕೊಂಡು ಮತ್ತೆಂದೂ ಕದಲುವುದಿಲ್ಲ. ಆಸ್ಟ್ರೇಲಿಯಾದ ದಿಬ್ಬದಲ್ಲಿ ವರ್ಷಕ್ಕೊಮ್ಮೆ, ಹುಣ್ಣಿಮೆ ಕಳೆದ ಕೆಲವು ರಾತ್ರಿಗಳಲ್ಲಿ ಅನೇಕ ಜಾತಿಯ ಹವಳಗಳು ಏಕಕಾಲಕ್ಕೆ ತಮ್ಮ ಅಂಡಾಣು ವೀರ್ಯಾಣುಗಳನ್ನು ಕಡಲಿಗೆ ಬಿಡುತ್ತವೆ. ಈ ಸಂಗತಿ ವಿಜ್ಞಾನಿಗಳಿಗೆ ತಿಳಿದುಬಂದದ್ದು 1980ರ ದಶಕದ ಆರಂಭದಲ್ಲಿ.

ಆಯುಷ್ಯದಲ್ಲಿಯೂ ಇವು ನಮ್ಮನ್ನು ನಾಚಿಸುತ್ತವೆ. ಹವಾಯಿ ದ್ವೀಪಗಳ ಬಳಿ ಆಳದಲ್ಲಿ ಬೆಳೆದ ಕಪ್ಪು ಹವಳವೊಂದರ ವಯಸ್ಸು 4,000 ವರ್ಷಗಳನ್ನು ಮೀರಿದುದೆಂದು 2009ರಲ್ಲಿ ಪ್ರಕಟವಾಯಿತು. ಆಳಗಡಲಿನ ಗಾಜುಸ್ಪಂಜಿನ ಒಂದು ಜಾತಿಯದು ಸುಮಾರು 11,000 ವರ್ಷಗಳೆಂದು 2012ರಲ್ಲಿ ಅಂದಾಜು ಮಾಡಲಾಯಿತು.

ಇನ್ನೊಂದು ಗಾಜುಸ್ಪಂಜಿನ ವಿಷಯ ಗೃಹಸ್ಥರಿಗೆ ಮೆಚ್ಚುಗೆಯಾದೀತು. ಹೆಣೆದ ಬುಟ್ಟಿಯಂತಿರುವ ಅದರೊಳಗೆ ಎಳೆಯ ಸಿಗಡಿಗಳ ಜೋಡಿಯೊಂದು ಹೊಕ್ಕು, ಅಲ್ಲಿಯೇ ಬೆಳೆದು ದಪ್ಪವಾಗಿ, ಹೊರಬರಲಾರದೆ ಜೀವನಪೂರ್ತಿ ಜೊತೆಯಾಗಿ ಬಾಳುತ್ತವೆ. ಆದುದರಿಂದ ಜಪಾನಿನಲ್ಲಿ ಒಣಗಿದ ಈ ಸ್ಪಂಜನ್ನು ದಾಂಪತ್ಯನಿಷ್ಠೆಯ ಗುರುತಾಗಿ ಮದುವೆಯಲ್ಲಿ ಉಡುಗೊರೆ ಕೊಡುವ ಪದ್ಧತಿಯಿತ್ತು.

ಮನುಷ್ಯನ ರೋಗಗಳಿಗೂ ಇವು ಒದಗಿ ಬಂದಿವೆ. 1950ರ ದಶಕದ ಆರಂಭದಲ್ಲಿ ವರ್ನರ್ ಬರ್ಗ್‌ಮನ್ ಎಂಬ ರಸಾಯನಶಾಸ್ತ್ರಜ್ಞರು ಕೆರಿಬಿಯನ್ ಕಡಲಿನ ಸ್ಪಂಜೊಂದರಲ್ಲಿ ಕಂಡ ಅಪರೂಪದ ದ್ರವ್ಯಗಳ ಜಾಡು ಹಿಡಿದು, ರಕ್ತದ ಕ್ಯಾನ್ಸರಿಗೆ ಕೊಡುವ ಸೈಟರಬಿನ್ ಔಷಧ ರೂಪುಗೊಂಡಿತು. ಅದು 1969ರಲ್ಲಿ ಅಮೆರಿಕದಲ್ಲಿ ಬಳಕೆಗೆ ಒಪ್ಪಿಗೆ ಪಡೆಯಿತು. ಜಪಾನಿನ ಸ್ಪಂಜೊಂದರ ದ್ರವ್ಯವನ್ನು ಅನುಸರಿಸಿ ತಯಾರಾದ ಎರಿಬುಲಿನ್ 2010ರಲ್ಲಿ ಸ್ತನ ಕ್ಯಾನ್ಸರಿನ ಚಿಕಿತ್ಸೆಗೆ ಬಂದಿತು. ಹವಳದ ಸುಣ್ಣದ ಗೂಡಿನ ರಚನೆ ನಮ್ಮ ಮೂಳೆಯ ರಚನೆಯನ್ನು ಹೋಲುವುದರಿಂದ, ಸಂಸ್ಕರಿಸಿದ ಹವಳವನ್ನು ಮೂಳೆಯ ಕೊರತೆಯನ್ನು ತುಂಬಲು ಶಸ್ತ್ರವೈದ್ಯರು ಬಳಸಿದ್ದಾರೆ.

ಕಟ್ಟುವುದೂ ಉಣಿಸುವುದೂ

ಹವಳದಿಬ್ಬಗಳು ಕಡಲತಳದ ಶೇಕಡಾ 1ಕ್ಕಿಂತಲೂ ಕಡಿಮೆ ಭಾಗದಲ್ಲಿವೆ; ಆದರೂ ಕಡಲಜೀವಿಗಳಲ್ಲಿ ಸುಮಾರು ಕಾಲುಭಾಗಕ್ಕೆ ಅವು ಆಸರೆ ಎಂದು ಲೆಕ್ಕ ಹಾಕಲಾಗಿದೆ. ವಿಚಿತ್ರವೆಂದರೆ, ಈ ದಿಬ್ಬಗಳ ಸುತ್ತಲಿನ ನೀರು ಬಹು ತಿಳಿಯಾದುದು, ಪೋಷಕಾಂಶಗಳಲ್ಲಿ ಬಡವಾದುದು. ಇಷ್ಟು ಬಡ ನೀರಿನಲ್ಲಿ ಇಷ್ಟು ಸಮೃದ್ಧ ಸಂಸಾರ ಹೇಗೆ ನಡೆಯುತ್ತದೆ ಎಂಬ ಪ್ರಶ್ನೆ ಬಹುಕಾಲ ವಿದ್ವಾಂಸರನ್ನು ಕಾಡಿತ್ತು.

ಇದಕ್ಕೆ ಉತ್ತರದ ಒಂದು ಭಾಗವನ್ನು 2013ರಲ್ಲಿ ನೆದರ್ಲೆಂಡ್ಸಿನ ಯಾಸ್ಪರ್ ಡ ಹೂಯ್ ಮತ್ತು ಅವರ ಸಂಗಡಿಗರು ಕೊಟ್ಟರು. ಹವಳವು ಸದಾ ಲೋಳೆಯನ್ನು ಸ್ರವಿಸುತ್ತದೆ. ಅದರ ಬಹಳಷ್ಟು ಅಂಶ ನೀರಿನಲ್ಲಿ ಕರಗಿಹೋಗುವುದರಿಂದ ಮೀನು ಏಡಿಗಳು ಅದನ್ನು ಉಣ್ಣಲಾರವು. ಬಿರುಕುಗಳಲ್ಲಿ ಅವಿತಿರುವ ಸ್ಪಂಜುಗಳು ಆ ಕರಗಿದ ಆಹಾರವನ್ನು ಹೀರಿಕೊಳ್ಳುತ್ತವೆ. ಆದರೆ ಅದರಿಂದ ಅವು ಕೊಬ್ಬಿ ಬೆಳೆಯುವುದಿಲ್ಲ. ಹಳೆಯ ಜೀವಕೋಶಗಳನ್ನು ಬಹು ಬೇಗನೆ ಕಳಚಿ ಹೊರಹಾಕುತ್ತವೆ. ಆ ಕಣಗಳನ್ನು ಸಣ್ಣ ಜೀವಿಗಳು ತಿನ್ನುತ್ತವೆ, ಸಣ್ಣವನ್ನು ದೊಡ್ಡವು ತಿನ್ನುತ್ತವೆ. ಹೀಗೆ ವ್ಯರ್ಥವಾಗಿ ಹೋಗಬೇಕಾಗಿದ್ದ ಆಹಾರವು ಸ್ಪಂಜಿನ ಮೂಲಕ ಮತ್ತೆ ಪಂಕ್ತಿಗೆ ಬರುತ್ತದೆ. ಹವಳವು ಮನೆ ಕಟ್ಟಿದರೆ ಸ್ಪಂಜು ಆ ಮನೆಯ ಕಸ ಗುಡಿಸಿ, ಉಳಿದುದನ್ನು ಹಾಳುಮಾಡದೆ ಉಣಬಡಿಸುತ್ತದೆ.

ಎಲ್ಲ ಸ್ಪಂಜುಗಳೂ ಹವಳಕ್ಕೆ ಉಪಕಾರಿಗಳೆಂದು ತಿಳಿಯಬಾರದು. ಸುಣ್ಣವನ್ನು ಕೊರೆದು ಒಳಗೆ ಮನೆ ಮಾಡಿಕೊಳ್ಳುವ ಕೊರಕ ಸ್ಪಂಜುಗಳಿವೆ. ತಮಿಳುನಾಡಿನ ಪಾಕ್ ಕೊಲ್ಲಿಯಲ್ಲಿ ಜೀವಂತ ಹವಳದ ಮೇಲೆ ಹರಡಿ ಅದನ್ನು ಕೊಲ್ಲುವ ಕಪ್ಪು ಸ್ಪಂಜು ಕಾಣಿಸಿಕೊಂಡಿದೆ. ಹವಳ ಬಲವಾಗಿರುವಷ್ಟು ಕಾಲ ಕಟ್ಟುವ ವೇಗವು ಕೊರೆಯುವ ವೇಗವನ್ನು ಮೀರಿರುತ್ತದೆ. ಆ ಸಮತೋಲವೇ ದಿಬ್ಬದ ಜೀವಾಳ.

ನೆಲವೇ ಹವಳವಾದಲ್ಲಿ

ಈ ಸಮತೋಲ ತಪ್ಪಿದರೆ ಏನಾಗುತ್ತದೆ ಎಂಬುದು ನಮ್ಮ ನೆರೆಯ ಲಕ್ಷದ್ವೀಪದ ಪಾಲಿಗೆ ಅಳಿವು ಉಳಿವಿನ ಪ್ರಶ್ನೆ. ಕನ್ನಡ ಕರಾವಳಿಗೂ ಆ ದ್ವೀಪಗಳಿಗೂ ಹಳೆಯ ನಂಟಿದೆ. ಅಮಿನಿ, ಕದಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1956ರವರೆಗೆ ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದವು. ಅಲ್ಲಿನ ತೆಂಗಿನ ನಾರಿಗೆ ಮಂಗಳೂರು ಪೇಟೆಯಾಗಿತ್ತು. ಒಟ್ಟು 36 ದ್ವೀಪಗಳ ವಿಸ್ತೀರ್ಣ ಸುಮಾರು 32 ಚದರ ಕಿಲೋಮೀಟರ್ ಮಾತ್ರ. 2011ರ ಜನಗಣತಿಯಂತೆ ಅಲ್ಲಿ 64,000ಕ್ಕೂ ಹೆಚ್ಚು ಜನರಿದ್ದರು. ಅವರ ಕಾಲ ಕೆಳಗಿನ ಮರಳು ಹವಳದ ಪುಡಿ; ಅಲೆಗಳ ಹೊಡೆತವನ್ನು ತಡೆಯುವ ಕೋಟೆಯೂ ಹವಳದ್ದೇ.

ಉಂಗುರದಂತಹ ಇಂತಹ ದ್ವೀಪಗಳ ಹುಟ್ಟನ್ನು 1842ರಲ್ಲಿ ಡಾರ್ವಿನ್ ವಿವರಿಸಿದನು. ಕಡಲಿನ ಅಗ್ನಿಪರ್ವತವು ನಿಧಾನವಾಗಿ ಕುಸಿಯುತ್ತಿದ್ದಂತೆ ಅದರ ಅಂಚಿನ ಹವಳವು ಬೆಳಕಿಗಾಗಿ ಮೇಲಕ್ಕೆ ಬೆಳೆಯುತ್ತ ಹೋಗುತ್ತದೆ. ಪರ್ವತ ಮುಳುಗಿದರೂ ಹವಳದ ಉಂಗುರ ಉಳಿಯುತ್ತದೆ. 1952ರಲ್ಲಿ ಶಾಂತಸಾಗರದ ಎನಿವೆಟಾಕ್ ದ್ವೀಪದಲ್ಲಿ ಭೂಮಿಯನ್ನು ಕೊರೆದಾಗ 1,200 ಮೀಟರ್‌ಗಳಿಗೂ ಹೆಚ್ಚು ದಪ್ಪದ ಹವಳಸುಣ್ಣದ ಕೆಳಗೆ ಅಗ್ನಿಶಿಲೆ ದೊರೆತು, ಆ ಮಾತು ಸತ್ಯವೆಂದು ತಿಳಿಯಿತು. ನೀರೇರಿದಂತೆ ತಾನೂ ಏರುವ ಶಕ್ತಿಯಿರುವುದು ಜೀವಂತ ಹವಳಕ್ಕೆ ಮಾತ್ರ.

ಆ ಜೀವಕ್ಕೇ ಈಗ ಕುತ್ತು ಬಂದಿದೆ. ಕಡಲಿನ ನೀರು ಬೇಸಿಗೆಯ ವಾಡಿಕೆಯ ಗರಿಷ್ಠ ಶಾಖಕ್ಕಿಂತ ಕೇವಲ 1 ಡಿಗ್ರಿಯಷ್ಟು ಹೆಚ್ಚಾಗಿ ಕೆಲವು ವಾರ ಹಾಗೆಯೇ ನಿಂತರೆ ಹವಳವು ತನ್ನೊಳಗಿನ ಶೈವಲವನ್ನು ಹೊರಹಾಕುತ್ತದೆ. ಆಗ ಬಣ್ಣ ಹೋಗಿ ಬಿಳಿಯ ಗೂಡು ಎದ್ದು ಕಾಣುತ್ತದೆ. ಶಾಖ ಬೇಗ ಇಳಿದರೆ ಶೈವಲ ಮರಳಿ ಬಂದು ಹವಳ ಚೇತರಿಸಿಕೊಳ್ಳುತ್ತದೆ. ಇಳಿಯದಿದ್ದರೆ ಹಸಿವಿನಿಂದ ಸಾಯುತ್ತದೆ. ಲಕ್ಷದ್ವೀಪದ ಹವಳಗಳು 1998, 2010, 2016ರಲ್ಲಿ, ಮತ್ತೆ 2024ರಲ್ಲಿ ಹೀಗೆ ಬಿಳಿಚಿಕೊಂಡವು. 2024ರ ಏಪ್ರಿಲಿನಲ್ಲಿ ಜಗತ್ತಿನ ನಾಲ್ಕನೆಯ ಸಾರ್ವತ್ರಿಕ ಬಿಳಿಚುವಿಕೆ ನಡೆದಿದೆಯೆಂದು ತಜ್ಞರು ಘೋಷಿಸಿದರು. ನಾವು ಸುಡುವ ಕಲ್ಲಿದ್ದಲು ಮತ್ತು ತೈಲಗಳ ಹೊಗೆಯಿಂದ ಕಡಲು ಬಿಸಿಯಾಗುತ್ತಿರುವುದೇ ಇದರ ಮೂಲಕಾರಣ. ಅದೇ ಹೊಗೆಯ ಇಂಗಾಲಾಮ್ಲ ನೀರಿನಲ್ಲಿ ಕರಗಿದಷ್ಟೂ ಹವಳಕ್ಕೆ ಸುಣ್ಣ ಕಟ್ಟುವುದು ಕಷ್ಟವಾಗುತ್ತದೆ. ಕೊರಕ ಸ್ಪಂಜುಗಳಿಗೆ ಕೊರೆಯುವುದು ಸುಲಭವಾಗುತ್ತದೆಂದು ಪ್ರಯೋಗಗಳು ತೋರಿಸಿವೆ.

ಹವಳ ಸತ್ತ ಜಾಗದಲ್ಲಿ ಸ್ಪಂಜು ಬೆಳೆದರೆ ಸಾಲದೇ ಎಂದು ಕೆಲವರು ಕೇಳಬಹುದು. ಕೆರಿಬಿಯನ್ ಕಡಲಿನ ಅನೇಕ ಕಡೆ ಹಾಗೆಯೇ ಆಗಿದೆ. ಹವಳ ಕ್ಷೀಣಿಸಿ ಸ್ಪಂಜು ಮೇಲುಗೈ ಪಡೆದಿದೆ. ಆದರೆ ಸ್ಪಂಜು ನೀರನ್ನು ಸೋಸಬಲ್ಲದೇ ಹೊರತು ದ್ವೀಪವನ್ನು ಎತ್ತಿ ಹಿಡಿಯಲಾರದು. ಕಟ್ಟುವವನಿಲ್ಲದ ಮನೆಯಲ್ಲಿ ಗುಡಿಸುವವನು ಎಷ್ಟು ಶ್ರಮಪಟ್ಟರೂ ಗೋಡೆ ನಿಲ್ಲುವುದಿಲ್ಲ. ಕಡಲಿನಲ್ಲಿ ಒಬ್ಬರ ಕಾಯಕವನ್ನು ಇನ್ನೊಬ್ಬರು ತುಂಬಿಕೊಡಲಾಗದು. ಎರಡು ಜೀವಿಗಳ ಹೋಲಿಕೆಯಿಂದ ನಾವು ತಿಳಿಯಬೇಕಾದ ಮುಖ್ಯ ಸಂಗತಿ ಇದೇ.

ಗೃಹಸ್ಥರಾದ ನಮ್ಮಿಂದ ಆಗುವುದೇನು? ಉತ್ತರ ಕನ್ನಡದ ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಬಂಡೆಗಳಲ್ಲಿಯೂ ಹವಳಗಳಿವೆ. ಅಲ್ಲಿ ನೀರಿಗಿಳಿಯುವ ನಮ್ಮ ಮಕ್ಕಳು ಅವನ್ನು ಮುಟ್ಟದೆ, ಮುರಿಯದೆ, ಮೆಟ್ಟದೆ ನೋಡಿ ಬರುವಂತೆ ತಿಳಿಹೇಳಬೇಕು. ದಿಬ್ಬದ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಸೇರಿವೆ. ಪ್ರವಾಸಕ್ಕೆ ಹೋದಲ್ಲಿ ಅಲಂಕಾರಕ್ಕೆಂದು ಅವುಗಳ ತುಂಡನ್ನು ಕೊಳ್ಳುವುದೂ ಅಪರಾಧವಾದೀತು. ಅಜ್ಜಿಯ ಹವಳದ ಸರವನ್ನು ಮೊಮ್ಮಗಳಿಗೆ ದಾಟಿಸುವುದು ಹೊಸದನ್ನು ಕೊಳ್ಳುವುದಕ್ಕಿಂತ ಮೇಲು. ವಿದ್ಯುತ್ತು, ಇಂಧನಗಳ ಬಳಕೆಯಲ್ಲಿ ಮಿತವನ್ನು ಪಾಲಿಸುವುದು ಎಲ್ಲಕ್ಕಿಂತ ಮುಖ್ಯ. ಅಗತ್ಯಕ್ಕಿಂತ ಹೆಚ್ಚನ್ನು ಕೂಡಿಡಬಾರದೆಂದು ಶರಣರು ಬಾಳಿ ತೋರಿಸಿದ ಸರಳ ಜೀವನವು ಮನೆಯ ಆಯವ್ಯಯಕ್ಕೆ ಮಾತ್ರವಲ್ಲ, ನಾವೆಂದೂ ಕಾಣದ ಕಡಲಾಳದ ಈ ಮೂಕ ಜೀವಿಗಳಿಗೂ ಹಿತವನ್ನೇ ಮಾಡುತ್ತದೆ.